ಕೂದಲಿಗೆ ಅಂತ ಮಾತ್ರೆ ತಿಂದೆ, ಥೈರಾಯ್ಡ್ ರೋಗಿ ಅನ್ನಿಸಿಕೊಂಡೆ

ಹೋದ ಮಳೆಗಾಲದಲ್ಲಿ ಜೋರು ಜ್ವರ ಬಂತು. ಅದು ಬಿಟ್ಟ ಎರಡು ತಿಂಗಳಿಗೆ ಕೂದಲು ಉದುರಲು ಶುರುವಾಯಿತು. ಬಚ್ಚಲ ಜಾಲರಿಯಲ್ಲಿ ದಿನಾ ಒಂದು ಮುಷ್ಟಿ. ಎಣ್ಣೆ ಕಾಯಿಸಿ ಕೊಡ್ತೇನೆ, ಸುಮ್ನಿರು ಎಂದು ಆಯಿ ಹೇಳಿದರೂ ಕೇಳಲಿಲ್ಲ. ಕೂದಲು, ಉಗುರು, ಚರ್ಮ ಮೂರಕ್ಕೂ ಒಂದೇ ಮದ್ದು ಎನ್ನುವ ಕೆರಾಟಿನ್ ಮಾತ್ರೆಯನ್ನು ಫೋನಿನಲ್ಲೇ ತರಿಸಿಕೊಂಡೆ. ಕೂದಲು, ಉಗುರು ಆಗುವುದೇ ಕೆರಾಟಿನ್ ಎಂಬ ಪ್ರೋಟೀನಿನಿಂದ. ಡಬ್ಬಿಗೆ 1,299 ರೂಪಾಯಿ.

ಮೂರನೇ ಡಬ್ಬಿ ನಡೆಯುವಾಗ ಸುಸ್ತು ಎಂದು ಶಿರಸಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯ್ಡಿಗೆ ಕೆಲಸ ಹೇಳುವ ಟಿಎಸ್‌ಎಚ್ ಹಾರ್ಮೋನು ತೀರಾ ಕಡಿಮೆ, ಥೈರಾಯ್ಡ್ ಮಾಡುವ ಟಿ-ಫೋರ್ ಹಾರ್ಮೋನು ಜಾಸ್ತಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡ್ತಿದೆ, ಹುಬ್ಬಳ್ಳಿಯಲ್ಲಿ ತೋರಿಸಿ ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ನನ್ನ ಎರಡೂ ಕೈ ಚಾಚಿಸಿ ನೋಡಿದರು. ನಡುಕವಿಲ್ಲ. ತೂಕವೂ ಇಳಿದಿಲ್ಲ. ಥೈರಾಯ್ಡ್ ಜೋರಾದವರಿಗೆ ಇವೆರಡೂ ಸಾಮಾನ್ಯವಂತೆ. "ಏನಾದರೂ ಮಾತ್ರೆ ತಗೊಳ್ತೀರಾ?" ಇಲ್ಲ ಎಂದೆ. ಕೂದಲಿನದ್ದು ಔಷಧಿ ಅಲ್ವಲ್ಲ! ಆಮೇಲೆ ನೆನಪಾಗಿ ಚೀಲದಿಂದ ಡಬ್ಬಿ ತೆಗೆದೆ. ಕೆರಾಟಿನ್ ಜೊತೆ ಬಯೋಟಿನ್ 10,000 ಮೈಕ್ರೋಗ್ರಾಂ ಎಂದಿತ್ತು. ಬಯೋಟಿನ್ ಅಂದರೆ ಒಂದು ಬಿ ವಿಟಮಿನ್. ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕಂತೆ. ಕೆಲವು ಲ್ಯಾಬ್ ಯಂತ್ರಗಳು ಹಾರ್ಮೋನು ಅಳೆಯಲು ಬಯೋಟಿನ್ನನ್ನೇ ಬಳಸುತ್ತವೆ. ರಕ್ತದಲ್ಲೂ ಅದೇ ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೊನಿನ್ ಪರೀಕ್ಷೆಯೂ ಹೀಗೇ ಕೈಕೊಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಡಬ್ಬಿಯ ಮೇಲೆ ಇದರ ಸುದ್ದಿಯೇ ಇಲ್ಲ.

ಒಂದು ವಾರ ಮಾತ್ರೆ ಬಿಟ್ಟು ಮತ್ತೆ ರಕ್ತ ಕೊಟ್ಟೆ. ಎಲ್ಲ ಸರಿ ಇತ್ತು.

ಬಸ್ಸಿನಲ್ಲಿ ಬರುವಾಗ ಡಬ್ಬಿಯ ಸಣ್ಣ ಅಕ್ಷರ ಪೂರ್ತಿ ಓದಿದೆ. ಕೆರಾಟಿನ್ ಬಂದದ್ದು ಕುರಿಯ ತುಪ್ಪಟದಿಂದ! ಮೊಟ್ಟೆಯೂ ಬಾರದ ಮನೆ ನಮ್ಮದು. ಆಯಿಗೆ ಇನ್ನೂ ಹೇಳಿಲ್ಲ. ತಿಂದ ಕೆರಾಟಿನ್ ಸೀದಾ ತಲೆಗೆ ಹೋಗಿ ಕೂದಲಾಗುವುದೂ ಇಲ್ಲ. ಹೊಟ್ಟೆಯಲ್ಲಿ ಅದು ಬೇಳೆಯ ಪ್ರೋಟೀನಿನಂತೆಯೇ ಒಡೆಯುತ್ತದೆ. ಕೂದಲಿಗೆ ಬೇಕಾದ ಕೆರಾಟಿನ್ನನ್ನು ಬುಡದಲ್ಲಿ ದೇಹವೇ ಮಾಡಿಕೊಳ್ಳುತ್ತದೆ. ಜ್ವರದಿಂದ ಉದುರಿದ ಕೂದಲು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗೇ ಬರುತ್ತದಂತೆ. ನನಗೂ ಈಗ ಹಣೆಯ ಮೇಲೆ ಗಿಡ್ಡ ಕೂದಲು ನಿಂತಿವೆ.

ಮಾರಿದವರಿಗೆ ದುಡ್ಡು ಕೇಳಿದೆ. ಸೀಲು ಒಡೆದಿದೆ, ಆಗೋದಿಲ್ಲ ಎಂದರು. ನಮ್ಮ ಓಣಿಯಲ್ಲೇ ಇನ್ನಿಬ್ಬರು ಇದನ್ನು ತಿನ್ನುತ್ತಿದ್ದಾರೆ. ಒಬ್ಬಳು ಸೋಮವಾರ ಥೈರಾಯ್ಡ್ ಪರೀಕ್ಷೆಗೆ ಹೋಗುವವಳಿದ್ದಳು. ಮಾತ್ರೆ ನಿಲ್ಲಿಸು, ಡಾಕ್ಟರನ್ನು ಕೇಳಿ ತಾರೀಖು ಮುಂದೆ ಹಾಕು, ಹೋಗುವಾಗ ಡಬ್ಬಿಯನ್ನೂ ಹಿಡಿದುಕೋ ಎಂದು ಹೇಳಿ ಬಂದಿದ್ದೇನೆ.