ಟ್ಯಾಗ್ ಎಲ್ಲಿ ಉಳಿಯುತ್ತದೆ? ಮೂರು ಫೋಟೋ ತಂತ್ರಾಂಶಗಳ ಹೋಲಿಕೆ

ಕೆಲವು ವರ್ಷಗಳ ಹಿಂದೆ ಕಂಪ್ಯೂಟರ್ ಬದಲಾಯಿಸಿದಾಗ, ಅಲ್ಲಿಯವರೆಗೆ ಬಳಸುತ್ತಿದ್ದ ತಂತ್ರಾಂಶವೊಂದರಲ್ಲಿ ತಿಂಗಳುಗಟ್ಟಲೆ ಕುಳಿತು ಹಾಕಿದ್ದ ಟ್ಯಾಗ್‌ಗಳನ್ನೆಲ್ಲ ಕಳೆದುಕೊಂಡೆ. ಫೋಟೋಗಳು ಬಂದವು, ಅವುಗಳಲ್ಲಿ ಇರುವವರು ಯಾರು, ಸಂದರ್ಭ ಯಾವುದು ಎಂಬ ವಿವರ ಮಾತ್ರ ಹಳೆಯ ಯಂತ್ರದ ಡೇಟಾಬೇಸಿನಲ್ಲೇ ಉಳಿಯಿತು. ಆದ್ದರಿಂದ ಇರ್ಫಾನ್‌ವ್ಯೂ, ಎಕ್ಸ್‌ಎನ್‌ವ್ಯೂ ಎಂಪಿ, ಡಿಜಿಕ್ಯಾಮ್ ಈ ಮೂರನ್ನು ಒಂದೇ ಸಂಗ್ರಹದ ಪ್ರತಿಗಳ ಮೇಲೆ ಪ್ರಯೋಗಿಸುವಾಗ, ನಾನು ಬರೆದದ್ದು ಎಲ್ಲಿ ಉಳಿಯುತ್ತದೆ ಎಂಬುದನ್ನೇ ಮೊದಲು ನೋಡಿದೆ.

1996ರಿಂದ ಬಳಕೆಯಲ್ಲಿರುವ ಇರ್ಫಾನ್‌ವ್ಯೂ ವಿಂಡೋಸ್‌ಗೆ ಸೀಮಿತವಾದ ಪುಟ್ಟ ತಂತ್ರಾಂಶ. ಕ್ಲಿಕ್ಕಿಸಿದೊಡನೆ ಚಿತ್ರ ತೆರೆಯುವ ಅದರ ಚುರುಕು ಇಂದಿಗೂ ಇಷ್ಟವಾಗುತ್ತದೆ. ಫೋಟೋ ತೆಗೆದ ದಿನಾಂಕವನ್ನೇ ಫೈಲಿನ ಹೆಸರಾಗಿ ಸಾಮೂಹಿಕವಾಗಿ ಕೊಡಲು ಸಾಧ್ಯವಿದೆ. ಆದರೆ ಅದಕ್ಕಾಗಿ ಎಕ್ಸಿಫ್‌ನ (ಕ್ಯಾಮೆರಾ ಫೋಟೋ ಫೈಲಿನೊಳಗೆ ಬರೆದಿಡುವ ವಿವರಗಳ) 36867 ಎಂಬ ಸಂಖ್ಯೆಯನ್ನು ಹೆಸರಿನ ವಿನ್ಯಾಸದಲ್ಲಿ ನಾವೇ ಬರೆಯಬೇಕು. ಇಡೀ ಸಂಗ್ರಹಕ್ಕೊಂದು ಕ್ಯಾಟಲಾಗ್ ಇದರಲ್ಲಿಲ್ಲ. ಇದನ್ನು ನೋಡುವ ಸಾಧನವೆಂದು ಇಟ್ಟುಕೊಳ್ಳಬಹುದೇ ಹೊರತು ಜೋಡಿಸುವ ಸಾಧನವೆಂದಲ್ಲ.

ಎಕ್ಸ್‌ಎನ್‌ವ್ಯೂ ಎಂಪಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಖಾಸಗಿ ಬಳಕೆಗೆ ಉಚಿತ, ಐನೂರಕ್ಕೂ ಹೆಚ್ಚು ಬಗೆಯ ಚಿತ್ರಫೈಲುಗಳನ್ನು ಓದುತ್ತದೆ. ಒಂದೇ ದೃಶ್ಯವನ್ನು ಐದಾರು ಬಾರಿ ತೆಗೆದಿದ್ದರೆ ಅವನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿ, ಒಳ್ಳೆಯದಕ್ಕೆ ನಕ್ಷತ್ರ ಕೊಟ್ಟು, ಉಳಿದವನ್ನು ಅಳಿಸುವ ಕೆಲಸಕ್ಕೆ ಇದಕ್ಕಿಂತ ಹಿತವಾದುದು ನನಗೆ ಸಿಗಲಿಲ್ಲ. ಆದರೆ ಅದರ ವರ್ಗೀಕರಣಗಳಿಗೆ ಮೂಲ ನೆಲೆ ಅದರದೇ ಡೇಟಾಬೇಸ್. ಅವು ಫೈಲಿನೊಳಗೂ ದಾಖಲಾಗಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆ ಸಕ್ರಿಯವಾಗಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಕೆಡಿಇ ಸಮುದಾಯದ ಮುಕ್ತ ತಂತ್ರಾಂಶವಾದ ಡಿಜಿಕ್ಯಾಮ್ ಕಲಿಯಲು ತಾಳ್ಮೆ ಬೇಡುತ್ತದೆ. ಮೊದಲ ಬಾರಿ ಸಂಗ್ರಹವನ್ನು ತೋರಿಸಿದಾಗ ಅದು ಪ್ರತಿಯೊಂದು ಫೈಲನ್ನೂ ಓದಿಕೊಳ್ಳುವುದರಿಂದ, ದೊಡ್ಡ ಸಂಗ್ರಹವಿದ್ದವರು ಆ ಕೆಲಸವನ್ನು ರಾತ್ರಿಗೆ ಬಿಡುವುದು ಒಳ್ಳೆಯದು. ಅದರ ಆಲ್ಬಮ್ ಎಂದರೆ ಡಿಸ್ಕಿನಲ್ಲಿರುವ ಫೋಲ್ಡರೇ ಆಗಿರುವುದು ನನಗೆ ಬಹಳ ಹಿಡಿಸಿತು: ತಂತ್ರಾಂಶವನ್ನು ತೆಗೆದುಹಾಕಿದರೂ ಜೋಡಣೆ ಕೆಡುವುದಿಲ್ಲ. ಟ್ಯಾಗ್‌ನೊಳಗೆ ಟ್ಯಾಗ್ ಇಡಬಹುದಾದ್ದರಿಂದ ‘ಕುಟುಂಬ’ದ ಕೆಳಗೆ ‘ಅಜ್ಜಿ’, ‘ಪ್ರವಾಸ’ದ ಕೆಳಗೆ ‘ಸಮುದ್ರ’ ಎಂದು ಕವಲು ಕವಲಾಗಿ ವಿಂಗಡಿಸಿದೆ. ಮುಖ ಗುರುತಿಸುವ ಕೆಲಸವೂ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಮನೆಯವರ ಚಿತ್ರಗಳು ಹೊರಗಿನ ಸರ್ವರ್‌ಗೆ ಹೋಗಬೇಕಾಗಿಲ್ಲ. ಇಲ್ಲಿಯೂ ಡೇಟಾಬೇಸ್ ಇದೆ, ಆದರೆ ಮೆಟಾಡೇಟಾ (ಫೋಟೋ ಕುರಿತ ವಿವರಗಳ) ಸೆಟ್ಟಿಂಗ್ಸ್‌ನಲ್ಲಿ ಯಾವ ವಿವರವನ್ನು ಫೈಲಿಗೆ ಬರೆಯಬೇಕು, ಯಾವುದನ್ನು ಬೇಡವೆನ್ನಬೇಕು ಎಂದು ಬಿಡಿಬಿಡಿಯಾಗಿ ನಿರ್ಧರಿಸಬಹುದು. ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ರಾ ಫೈಲನ್ನು ಮುಟ್ಟಲು ಮನಸ್ಸಿಲ್ಲದವರು ವಿವರಗಳನ್ನು ಪಕ್ಕದಲ್ಲೊಂದು ಎಕ್ಸ್‌ಎಂಪಿ ಫೈಲಿನಲ್ಲಿ ಇಡಬಹುದು. ಹಾಗೆ ಮಾಡಿದವರು ಬ್ಯಾಕಪ್ ಮಾಡುವಾಗ ಎರಡನ್ನೂ ಒಟ್ಟಿಗೆ ನಕಲಿಸಲು ಮರೆಯಬಾರದು.

ಈಗ ಹೊಸ ಫೋಟೋಗಳ ಮೊದಲ ಜರಡಿ ಎಕ್ಸ್‌ಎನ್‌ವ್ಯೂನಲ್ಲಿ ನಡೆಯುತ್ತದೆ, ಅದರಲ್ಲಿ ಉಳಿದುಕೊಂಡವಕ್ಕೆ ಡಿಜಿಕ್ಯಾಮ್‌ನಲ್ಲಿ ಟ್ಯಾಗ್‌ನ ಹೆಸರು ಸೇರುತ್ತದೆ. ಹಳೆಯ ಟ್ಯಾಗ್‌ಗಳನ್ನು ಮತ್ತೆ ಹಾಕಲು ಕೂರುವ ಮುನ್ನ, ಟ್ಯಾಗ್ ಹಾಕಿದ ಹತ್ತು ಜೆಪೆಗ್ ಫೈಲುಗಳನ್ನು ಡಿಜಿಕ್ಯಾಮ್ ಇಲ್ಲದ ಬೇರೊಂದು ಕಂಪ್ಯೂಟರಿಗೆ ಒಯ್ದು ಎಕ್ಸ್‌ಎನ್‌ವ್ಯೂನ ಮಾಹಿತಿ ಫಲಕದಲ್ಲಿ ಒಂದೊಂದಾಗಿ ನೋಡಿದೆ. ಹತ್ತರಲ್ಲೂ ಹೆಸರುಗಳಿದ್ದವು.