ಕಾರಿನ ಮುಂಭಾಗದಲ್ಲಿ ‘ಟಕ್’ ಎನ್ನುವ ಶಬ್ದ: ಮೂಲ ಹುಡುಕದೆ ಶಾಕ್ ಅಬ್ಸಾರ್ಬರ್ ಬದಲಾಯಿಸಲು ಒಪ್ಪಬೇಡಿ

ಚಕ್ರಗಳನ್ನು ಕಾರಿಗೆ ಜೋಡಿಸಿ ರಸ್ತೆಯ ಕುಲುಕು ತಡೆಯುವ ಸಸ್ಪೆನ್ಷನ್‌ನಿಂದ ಬರುವ ಶಬ್ದದ ಮೂಲವನ್ನು ಪತ್ತೆ ಹಚ್ಚುವ ಮೊದಲೇ ಬಿಡಿಭಾಗ ಬದಲಾಯಿಸಲು ಹೊರಡುವ ಗ್ಯಾರೇಜಿಗೆ ನಿಮ್ಮ ಕಾರನ್ನು ಒಪ್ಪಿಸಬೇಡಿ. ಹಣ ಮಾತ್ರ ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಿಜವಾಗಿ ಸವೆದಿದ್ದ ಭಾಗವನ್ನು ಯಾರೂ ಮುಟ್ಟಿಯೂ ನೋಡದಿದ್ದ ಕಾರಿನಲ್ಲಿ ನನ್ನ ಹೆಂಡತಿ, ಮಕ್ಕಳು ಮತ್ತು ತಾಯಿ ಆಗುಂಬೆ ಘಾಟಿಯನ್ನು ಇಳಿದು ಹತ್ತಿದ್ದಾರೆ.

ನಮ್ಮದು ಹಳೆಯದಾದರೂ ಚೆನ್ನಾಗಿ ನೋಡಿಕೊಂಡಿರುವ ಹ್ಯಾಚ್‌ಬ್ಯಾಕ್. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಉಡುಪಿಗೆ ಹೋಗಿಬರುವುದು ನಮಗೆ ರೂಢಿ. ಮಳೆಗಾಲ ಮುಗಿಯುವ ಹೊತ್ತಿಗೆ ಹಂಪ್ ಇಳಿಯುವಾಗ ಎಡ ಮುಂಚಕ್ರದ ಕಡೆಯಿಂದ ‘ಟಕ್’ ಎಂಬ ಶಬ್ದ ಆರಂಭವಾಯಿತು. ತೋರಿಸಲು ಹೋದ ಗ್ಯಾರೇಜಿನಲ್ಲಿ ಬಾನೆಟ್ಟಿನ ಮೂಲೆಯನ್ನು ಕೈಯಿಂದ ಒಮ್ಮೆ ಅದುಮಿ ನೋಡಿ, “ಶಾಕ್ ಹೋಗಿದೆ ಸಾರ್, ಎರಡೂ ಬದಲಾಯಿಸಲೇಬೇಕು” ಎಂದರು. ಶಾಕ್ ಅಬ್ಸಾರ್ಬರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಅದರ ಮೈಮೇಲೆ ಎಣ್ಣೆ ಸೋರಿದ ಜಿಡ್ಡು ಕಾಣಿಸುತ್ತದೆ, ಅಥವಾ ಅದುಮಿ ಬಿಟ್ಟ ಮೇಲೆಯೂ ಕಾರು ಮೇಲೆ ಕೆಳಗೆ ತೂಗಾಡುತ್ತಲೇ ಇರುತ್ತದೆ. ನಮ್ಮ ಕಾರಿನಲ್ಲಿ ಇವೆರಡೂ ಇರಲಿಲ್ಲವೆಂದು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಲ್ 12,000 ರೂಪಾಯಿ ದಾಟಿತು, ಶಬ್ದ ಮಾತ್ರ ಹಾಗೆಯೇ ಉಳಿಯಿತು. ಮತ್ತೆ ಹೋದಾಗ ಅದೇ ಧೈರ್ಯದಿಂದ, ಈ ಬಾರಿಯೂ ಕಾರನ್ನು ಎತ್ತಿ ನೋಡದೆಯೇ, ಚಕ್ರಗಳನ್ನು ತಿರುಗಿಸುವ ಸ್ಟಿಯರಿಂಗ್ ರ‍್ಯಾಕ್ ಬದಲಾಯಿಸಬೇಕೆಂದರು. ತೆಗೆದುಹಾಕಿದ ಹಳೆಯ ಶಾಕ್‌ಗಳನ್ನು ಕೇಳಿದರೆ ಗುಜರಿಗೆ ಹೋಗಿವೆ ಎಂಬ ಉತ್ತರ ಬಂತು.

ಇದರ ನಡುವೆ ಶಬ್ದದ ರೀತಿಯೂ ಬದಲಾಗಿತ್ತು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ರಿವರ್ಸ್ ತೆಗೆದು ಬ್ರೇಕ್ ಒತ್ತಿದ ಕ್ಷಣದಲ್ಲಿ, ಕಾಲಿನಡಿಯ ತಗಡಿಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಒಂದೇ ಒಂದು ಪೆಟ್ಟು ಕೇಳಿಸುತ್ತಿತ್ತು. ಪರಿಚಯದವರು ಹೇಳಿದ ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಮೊದಲು ನನ್ನ ಪಕ್ಕದಲ್ಲಿ ಕುಳಿತು ಒಂದು ಸುತ್ತು ಬಂದರು. ಆಮೇಲೆ ಕಾರನ್ನು ಜಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರು. ಸಣ್ಣ ಆಟ, ಅಂದರೆ ಸಡಿಲಿಕೆ, ಕಾಣಿಸಿತು. ನನ್ನಿಂದ ಬ್ರೇಕ್ ಒತ್ತಿಸಿ ಪುನಃ ಅಲುಗಾಡಿಸಿದಾಗಲೂ ಆ ಆಟ ಹೋಗಲಿಲ್ಲ. ವೀಲ್ ಬೇರಿಂಗ್ ಸಡಿಲವಾಗಿದ್ದರೆ ಬ್ರೇಕ್ ಹಿಡಿದಾಗ ಆಟ ನಿಲ್ಲಬೇಕಿತ್ತು, ಆದ್ದರಿಂದ ದೋಷ ಬೇರೆಡೆ ಇದೆ ಎಂದರು. ಚಕ್ರ ಬಿಚ್ಚಿ, ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ತೋಳು) ಮತ್ತು ಚಕ್ರವನ್ನು ಹೊತ್ತಿರುವ ನಕಲ್ ನಡುವೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದಾಗ, ಅವೆರಡನ್ನು ಸೇರಿಸುವ ಬಾಲ್ ಜಾಯಿಂಟ್ (ಬಟ್ಟಲಿನೊಳಗೆ ಗುಂಡು ಕೂತ ಕೀಲು) ಕಣ್ಣಿಗೆ ಕಾಣುವಷ್ಟು ಮೇಲೆದ್ದು ಕೂತಿತು. ಅದರೊಂದಿಗೆ ನಾವು ಹುಡುಕುತ್ತಿದ್ದ ಅದೇ ‘ಟಕ್’ ಕೂಡ ಬಂತು. ಅದರ ರಬ್ಬರ್ ಬೂಟ್ ಒಂದು ಬದಿಯಲ್ಲಿ ಸೀಳಿತ್ತು. ಒತ್ತಿದರೆ ಗ್ರೀಸ್ ಬರಬೇಕಾದಲ್ಲಿ ಕೆಂಪು ತುಕ್ಕಿನ ನೀರು ಒಸರಿ ಅವರ ಬೆರಳಿಗೆ ಅಂಟಿತು. ಘಟ್ಟದ ಮಳೆಯ ಕೆಸರುನೀರು ಆ ಸೀಳಿನೊಳಗೆ ನುಗ್ಗಿ ಗುಂಡನ್ನೂ ಬಟ್ಟಲನ್ನೂ ತಿಂದುಹಾಕಿತ್ತು.

ಈ ಭಾಗದ ಕೆಲಸ ಏನೆಂದು ತಿಳಿದರೆ ನನ್ನ ಆತಂಕ ಅರ್ಥವಾದೀತು. ಚಕ್ರದ ಕೆಳತುದಿಯನ್ನು ಕಾರಿಗೆ ಹಿಡಿದಿಟ್ಟಿರುವುದು ಇದೊಂದೇ ಕೀಲು. ಅದು ಪೂರ್ತಿ ಸವೆದು ಬಟ್ಟಲಿನಿಂದ ಕಳಚಿದರೆ ಚಕ್ರ ಹೊರಕ್ಕೆ ಮಡಚಿ ಬೀಳುತ್ತದೆ, ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ಮಾತು ಕೇಳುವುದಿಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಪ್ರತಿಯೊಂದರಲ್ಲೂ ಬ್ರೇಕ್ ಮತ್ತು ತಿರುವಿನ ಒತ್ತಡ ಬೀಳುವುದು ಇದೇ ಕೀಲಿನ ಮೇಲೆ.

ಶಬ್ದ ಲೋಹದ ಮೂಲಕ ಹರಿದು ಎಲ್ಲೆಲ್ಲೋ ಕೇಳಿಸುವುದರಿಂದ ಕಿವಿಯನ್ನಷ್ಟೇ ನಂಬಿ ತೀರ್ಮಾನಿಸುವಂತಿಲ್ಲ. ಅದು ಯಾವ ಸಂದರ್ಭದಲ್ಲಿ ಬರುತ್ತದೆ ಎಂಬುದನ್ನು ಗಮನಿಸಿ ಮೆಕ್ಯಾನಿಕ್‌ಗೆ ಹೇಳಿ. ನಿಧಾನ ವೇಗದಲ್ಲಿ ಸಣ್ಣ ಸಣ್ಣ ಏರುತಗ್ಗುಗಳ ಮೇಲೆ ಖಟಖಟ ಎಂದರೆ ಬಹಳಷ್ಟು ಬಾರಿ ಅದು ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸ್ಟೆಬಿಲೈಸರ್ ಸರಳಿನ ಲಿಂಕ್ ರಾಡ್, ಅಗ್ಗದ ಭಾಗ. ಅದೇ ಖಟಖಟ ಬ್ರೇಕನ್ನು ಹಗುರವಾಗಿ ಒತ್ತಿದೊಡನೆ ನಿಂತರೆ ಸಸ್ಪೆನ್ಷನ್ ಬಿಟ್ಟು, ಬ್ರೇಕ್ ಪ್ಯಾಡ್‌ಗಳನ್ನು ಒತ್ತುವ ಬ್ರೇಕ್ ಕ್ಯಾಲಿಪರ್ ನೋಡಿಸಿ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಸಿಕ್ಕಿಕೊಂಡು ‘ಟಂಗ್’ ಎಂದು ಬಿಟ್ಟುಕೊಂಡರೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಜೋಡಣೆ) ಮೇಲಿನ ಬೇರಿಂಗನ್ನೂ, ಬ್ರೇಕ್ ಹಾಕುವಾಗ ಮತ್ತು ಆಕ್ಸಿಲರೇಟರ್ ಒತ್ತಿ ಗಾಡಿ ಮುಂದಕ್ಕೆ ಎಳೆಯುವಾಗ ‘ಧಡ್’ ಎಂದರೆ ಲೋವರ್ ಆರ್ಮ್‌ನ ರಬ್ಬರ್ ಬುಷ್ ಹಾಗೂ ಬಾಲ್ ಜಾಯಿಂಟನ್ನೂ ಅನುಮಾನಿಸಬೇಕು. ಇವೆಲ್ಲ ಸುಳಿವುಗಳು ಮಾತ್ರ. ಕಾರನ್ನು ಎತ್ತಿ, ಮೀಟಿ, ಸಡಿಲವಾದ ಕೀಲನ್ನು ನಿಮ್ಮ ಕಣ್ಣಿಗೆ ತೋರಿಸಿದ ಮೇಲೆಯೇ ಬದಲಾವಣೆಗೆ ಒಪ್ಪಿ, ಹಳೆಯ ಭಾಗವನ್ನು ಕೇಳಿ ಪಡೆಯಿರಿ. ನೀವೇ ನೋಡಲು ಹೊರಟರೆ ಬರೀ ಜಾಕ್ ನಂಬಿ ಕಾರಿನಡಿ ನುಸುಳಬೇಡಿ.

ನಮ್ಮ ಕಾರಿನಲ್ಲಿ ಬಾಲ್ ಜಾಯಿಂಟ್ ಲೋವರ್ ಆರ್ಮ್‌ಗೆ ಸೇರಿಕೊಂಡೇ ಬರುವುದರಿಂದ ಇಡೀ ಆರ್ಮ್ ಹಾಕಿಸಬೇಕಾಯಿತು. ಆದರೂ ಖರ್ಚು ಶಾಕ್‌ಗಳಿಗೆ ಸುರಿದಿದ್ದಕ್ಕಿಂತ ತುಂಬ ಕಡಿಮೆ. ಆ ಹಿರಿಯರು ಬುಷ್‌ನ ಬೋಲ್ಟ್‌ಗಳನ್ನು ಚಕ್ರ ನೇತಾಡುತ್ತಿದ್ದಾಗ ಬಿಗಿಯದೆ, ಕಾರನ್ನು ಇಳಿಸಿ ಅದರ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಬಿಗಿದರು. ಇಲ್ಲದಿದ್ದರೆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ. ಬಳಿಕ ಚಕ್ರಗಳ ಕೋನ ಸರಿಹೊಂದಿಸುವ ಅಲೈನ್‌ಮೆಂಟ್ ಮಾಡಿಸಲು ಕಳಿಸಿದರು. ಮೊದಲಿನ ಗ್ಯಾರೇಜಿನವರು ಸ್ಟ್ರಟ್ ಬಿಚ್ಚಿ ಜೋಡಿಸಿದ್ದರೂ ಅದನ್ನು ಮಾಡಿಸಿರಲಿಲ್ಲ.

ನಿಮ್ಮ ಕಾರಿನಲ್ಲಿ ತಿರುವಿನಲ್ಲೋ ಬ್ರೇಕ್ ಒತ್ತಿದಾಗಲೋ ಇಂಥ ಒಂಟಿ ಪೆಟ್ಟು ಕೇಳಿಸುತ್ತಿದ್ದು, ಜೊತೆಗೆ ಸ್ಟಿಯರಿಂಗ್ ಒಂದು ಬದಿಗೆ ಎಳೆಯಲು ಶುರುವಾಗಿದ್ದರೆ, ದಯವಿಟ್ಟು ಮನೆಯವರನ್ನು ಕೂರಿಸಿಕೊಂಡು ಘಾಟಿ ಇಳಿಯಬೇಡಿ. ಗ್ಯಾರೇಜಿಗೂ ಓಡಿಸಿಕೊಂಡು ಹೋಗದೆ ಟೋ ಮಾಡಿಸಿ.