ಸರದಿ ಮತ್ತು ಪಾಲು: ‘ಲಾರ್ಡ್ ಆಫ್ ದಿ ಫ್ಲೈಸ್’ ಪೇಪರ್‌ಬ್ಯಾಕ್ ಬಗ್ಗೆ

ಹಾಸ್ಟೆಲ್ ವಾರ್ಡನ್ ಇರಲಿ, ಪಿ.ಟಿ. ಮೇಷ್ಟ್ರು ಇರಲಿ, ಹಾಕಿ ಕೋಚ್ ಇರಲಿ, ಹೈಸ್ಕೂಲ್ ಹುಡುಗರ ಜವಾಬ್ದಾರಿ ಹೊತ್ತವರು ಯಾರೇ ಆದರೂ ಈ ಪುಸ್ತಕ ಕೊಂಡು ಓದಬೇಕು. ವಿಲಿಯಂ ಗೋಲ್ಡಿಂಗ್ ಬರೆದದ್ದು, 1954ರಲ್ಲಿ ಬಂದದ್ದು. ಇವತ್ತಿಗೂ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ನಾನು ಕೊಡಗಿನ ಒಂದು ಹುಡುಗರ ಹಾಸ್ಟೆಲ್ ನೋಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋದ ಸಂಜೆಗಳಲ್ಲಿ ಒಂಬತ್ತು, ಹತ್ತನೇ ಕ್ಲಾಸಿನ ಹುಡುಗರಿಗೆ ಇದನ್ನು ಸ್ವಲ್ಪ ಸ್ವಲ್ಪ ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳುತ್ತಾ ಬಂದೆ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಪ್ರತಿಯ ವಿಷಯ ಮುಗಿಸಿಬಿಡುತ್ತೇನೆ. ನನಗೆ ಬಂದದ್ದು ಅಗ್ಗದ ಮುದ್ರಣ. ಅಕ್ಷರ ಚಿಕ್ಕದು, ಸಾಲುಗಳು ಒತ್ತೊತ್ತಾಗಿವೆ, ಎಮರ್ಜೆನ್ಸಿ ಲ್ಯಾಂಪ್ ಬೆಳಕಿನಲ್ಲಿ ಓದುವುದು ಕಷ್ಟ. ಕಾಗದ ತೆಳು. ಜುಲೈ, ಆಗಸ್ಟ್‌ನಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಬೇಕಾಯಿತು. ಹಿಂದಿನ ರಟ್ಟಿನ ಮೇಲೆ ಕಥೆಯ ಅರ್ಧ ಗುಟ್ಟು ಬಿಟ್ಟುಕೊಟ್ಟಿದ್ದಾರೆ, ಮಕ್ಕಳ ಕೈಗೆ ಕೊಡುವ ಮೊದಲು ಅದಕ್ಕೊಂದು ಪೇಪರ್ ಹೊದಿಸಿ. ದ್ವೀಪದ ನಕ್ಷೆ ಇಲ್ಲ. ನಾವು ಬೋರ್ಡಿನ ಮೇಲೆ ಬರೆದುಕೊಂಡೆವು. ಬೆಟ್ಟ ಎಲ್ಲಿ, ಗುಡಿಸಲು ಎಲ್ಲಿ, ಬಂಡೆಯ ಕೋಟೆ ಎಲ್ಲಿ ಅಂತ ಗೊತ್ತಾದ ಮೇಲೆ ಕೊನೆಯ ಓಟ ಚೆನ್ನಾಗಿ ಅರ್ಥವಾಗುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟಾದರೂ ದೊಡ್ಡ ಅಕ್ಷರದ ಮುದ್ರಣವನ್ನೇ ತರಿಸಿ.

ಕಥೆ ಬಹಳ ಜನರಿಗೆ ಗೊತ್ತಿದೆ. ಯುದ್ಧದ ಸಮಯದಲ್ಲಿ ಇಂಗ್ಲಿಷ್ ಹುಡುಗರನ್ನು ಸಾಗಿಸುತ್ತಿದ್ದ ವಿಮಾನ ಒಂದು ದ್ವೀಪದಲ್ಲಿ ಬೀಳುತ್ತದೆ. ದೊಡ್ಡವರು ಯಾರೂ ಇಲ್ಲ. ರಾಲ್ಫ್ ಎನ್ನುವವನು ಶಂಖ ಊದಿ ಎಲ್ಲರನ್ನೂ ಸೇರಿಸುತ್ತಾನೆ, ಕೈ ಎತ್ತಿಸಿ ಅವನನ್ನೇ ನಾಯಕ ಮಾಡುತ್ತಾರೆ. ಹಾಡುವ ತಂಡದ ಮುಖಂಡ ಜ್ಯಾಕ್‌ಗೆ ಬೇಟೆಯ ಕೆಲಸ. ದಪ್ಪಗಿರುವ, ಉಬ್ಬಸದ, ಕನ್ನಡಕದ ಹುಡುಗನನ್ನು ಎಲ್ಲರೂ ಪಿಗ್ಗಿ ಎಂದು ಹೀಯಾಳಿಸುತ್ತಾರೆ, ಆದರೆ ಅಲ್ಲಿ ಸರಿಯಾಗಿ ಯೋಚಿಸುವವನು ಅವನೇ. ಶಂಖ ಕೈಯಲ್ಲಿದ್ದವನು ಮಾತಾಡಬಹುದು, ಬೆಟ್ಟದ ಮೇಲೆ ಬೆಂಕಿ ಉರಿಯುತ್ತಿರಬೇಕು, ಹಡಗಿಗೆ ಹೊಗೆ ಕಾಣಬೇಕು. ಇಷ್ಟು ನಿಯಮ. ಕೊನೆಗೆ ಎರಡು ಕೊಲೆ, ಇಡೀ ದ್ವೀಪಕ್ಕೆ ಬೆಂಕಿ.

ಇದನ್ನು ಓದಿದವರಲ್ಲಿ ತುಂಬಾ ಜನ ಹೇಳುವುದು ಒಂದೇ. ಮನುಷ್ಯನ ಒಳಗೆ ಕಾಡುಪ್ರಾಣಿ ಇದೆ, ಬೇಲಿ ತೆಗೆದರೆ ಹೊರಗೆ ಬರುತ್ತದೆ ಅಂತ. ನಾನು ಹಾಗೆ ಓದುವುದಿಲ್ಲ. ಪುಸ್ತಕದಲ್ಲಿ ರಕ್ತ ಬರುವುದಕ್ಕೆ ಎಷ್ಟೋ ಮೊದಲೇ ವ್ಯವಸ್ಥೆ ಮುರಿದಿರುತ್ತದೆ. ಅದು ಮುರಿಯುವುದು ನೀರಿನ ಹತ್ತಿರ, ಗುಡಿಸಲಿನ ಹತ್ತಿರ, ಪಾಯಿಖಾನೆಯ ಹತ್ತಿರ. ಐದನೇ ಅಧ್ಯಾಯದ ಸಭೆಯನ್ನು ನಿಧಾನವಾಗಿ ಓದಿ. ತೆಂಗಿನ ಚಿಪ್ಪುಗಳಲ್ಲಿ ನೀರು ತುಂಬಿಡಬೇಕು ಅಂತ ಮಾತಾಗಿತ್ತು, ಈಗ ಯಾರೂ ತುಂಬುತ್ತಿಲ್ಲ. ಮೊದಲ ಗುಡಿಸಲು ಎಲ್ಲರೂ ಸೇರಿ ಕಟ್ಟಿದ್ದು, ಎರಡನೆಯದಕ್ಕೆ ನಾಲ್ಕೇ ಜನ, ಮೂರನೆಯದಕ್ಕೆ ರಾಲ್ಫ್ ಮತ್ತು ಸೈಮನ್ ಎನ್ನುವ ಇನ್ನೊಬ್ಬ ಹುಡುಗ, ಇಬ್ಬರೇ. ಅಲೆ ಬಂದು ತೊಳೆಯುವ ಬಂಡೆಗಳ ಹತ್ತಿರವೇ ಪಾಯಿಖಾನೆಗೆ ಹೋಗಬೇಕು ಅಂತ ಒಪ್ಪಿಕೊಂಡಿದ್ದರು, ಈಗ ಸಿಕ್ಕಸಿಕ್ಕಲ್ಲಿ. ಹಾಸ್ಟೆಲ್ ನಡೆಸಿದವರಿಗೆ ಈ ಪುಟಗಳು ಕೊಲೆಯ ಪುಟಗಳಿಗಿಂತ ಹೆಚ್ಚು ಭಯ ಹುಟ್ಟಿಸುತ್ತವೆ. ರಾಲ್ಫ್ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ, ಆದರೆ ಯಾವ ಕೆಲಸ ಯಾವತ್ತು ಯಾರದು ಅಂತ ಅವನು ಯಾವತ್ತೂ ಗೊತ್ತು ಮಾಡಲೇ ಇಲ್ಲ. ಎಲ್ಲರೂ ಮಾಡಬೇಕು ಅಂದ. ಎಲ್ಲರೂ ಮಾಡಬೇಕಾದ ಕೆಲಸವನ್ನು ಯಾರೂ ಮಾಡುವುದಿಲ್ಲ, ಅಲ್ವಾ? ಬೆಂಕಿ ಒಂದಕ್ಕೆ ಜ್ಯಾಕ್‌ನ ತಂಡ ಸರದಿ ವಹಿಸಿಕೊಂಡಿತ್ತು. ಆ ಸರದಿಯವರನ್ನೂ ಅವನು ಬೇಟೆಗೆ ಎಳೆದುಕೊಂಡು ಹೋದ ದಿನವೇ ದೂರದಲ್ಲಿ ಹಡಗು ಹಾದುಹೋಯಿತು.

ಇನ್ನೊಂದು ವಿಷಯ ಹಾಜರಿ. ಮೊದಲ ದಿನವೇ ಪಿಗ್ಗಿ ಹೆಸರುಗಳ ಪಟ್ಟಿ ಮಾಡಬೇಕು ಅನ್ನುತ್ತಾನೆ, ಕೇಳಿ ಕೇಳಿ ಓಡಾಡುತ್ತಾನೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೊದಲ ಬೆಂಕಿ ಕಾಡಿಗೆ ಹಬ್ಬಿದಾಗ ಮುಖದ ಮೇಲೆ ಮಚ್ಚೆ ಇದ್ದ ಒಬ್ಬ ಪುಟ್ಟ ಹುಡುಗ ಕಾಣೆಯಾಗುತ್ತಾನೆ. ಮತ್ತೆ ಕಾಣುವುದೇ ಇಲ್ಲ. ‘ಅವನ ಹೆಸರೇನು ಸರ್?’ ಅಂತ ನಮ್ಮ ಒಬ್ಬ ಹುಡುಗ ಕೇಳಿದ. ಪುಸ್ತಕದಲ್ಲಿ ಹೆಸರಿಲ್ಲ, ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಕೊನೆಯ ಪುಟಗಳಲ್ಲಿ ನೌಕಾಪಡೆಯ ಅಧಿಕಾರಿ ಬಂದು ನೀವೆಲ್ಲ ಎಷ್ಟು ಜನ ಇದ್ದೀರಿ ಎಂದಾಗಲೂ ರಾಲ್ಫ್ ತಲೆ ಅಲ್ಲಾಡಿಸುತ್ತಾನೆ, ಗೊತ್ತಿಲ್ಲ. ನಾಯಕನಿಗೆ ತನ್ನವರ ಲೆಕ್ಕವೇ ಗೊತ್ತಿಲ್ಲ! ಇಡೀ ಪುಸ್ತಕದಲ್ಲಿ ನನ್ನನ್ನು ಜಾಸ್ತಿ ಕಲಕಿದ್ದು ಈ ಜಾಗ.

ಈಗ ಹಂದಿ ಬೇಟೆ. ಇಲ್ಲಿ ಕೊಡಗಿನ ಓದುಗರಿಗೆ ಒಂದು ಹಿಡಿತ ಸಿಗುತ್ತದೆ, ಬೇರೆ ಕಡೆಯವರಿಗೆ ಅಷ್ಟು ಸುಲಭವಾಗಿ ಸಿಗದು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಬೇಟೆ ನಿಂತಿದೆ, ಅದು ಸರಿಯೇ. ಆದರೆ ಹಿರಿಯರ ಬಾಯಲ್ಲಿ ಹಳೆಯ ಬೇಟೆಯ ಮಾತು ಕೇಳಿದವರಿಗೆ ಗೊತ್ತು, ಅಲ್ಲಿ ಮಾಂಸದ ಪಾಲಿಗೆ ಕಟ್ಟುನಿಟ್ಟಿನ ಕ್ರಮ ಇತ್ತು. ಹೊಡೆದವನಿಗೆ ಇಷ್ಟು, ಜೊತೆ ಹೋದವರಿಗೆ ಇಷ್ಟು, ನಾಯಿಗೂ ಪಾಲು. ಯಾರ ಮೇಲಿನ ಪ್ರೀತಿಗೂ ಕೋಪಕ್ಕೂ ಪಾಲು ಬದಲಾಗುವಂತಿರಲಿಲ್ಲ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಇಂದಿಗೂ ಕೋವಿಗೆ ಪೂಜೆ ನಡೆಯುತ್ತದೆ. ಐನ್‌ಮನೆಗೆ, ಅಂದರೆ ಕುಲದ ಮೂಲಮನೆಗೆ, ಪಟ್ಟೆದಾರರು, ಊರಿಗೆ ತಕ್ಕರು ಅಂತ ಹಿರಿತನದ ಸಾಲೇ ಇದೆ. ಹಾಗಾಗಿ ಭರ್ಜಿ ಹಿಡಿದು ಮುಖಕ್ಕೆ ಬಣ್ಣ ಬಳಿದ ಕೂಡಲೇ ಹುಡುಗರು ‘ಕಾಡುಜನ’ ಆಗಿಬಿಟ್ಟರು ಎನ್ನುವ ಗೋಲ್ಡಿಂಗ್‌ನ ಚಿತ್ರ ನನಗೆ ಒಪ್ಪಿಗೆ ಆಗುವುದಿಲ್ಲ. ಬೇಟೆ ಗೊತ್ತಿರುವ ಜನರಲ್ಲೇ ನಿಯಮ ಜಾಸ್ತಿ. ಆ ಪದಗಳನ್ನು ಇಲ್ಲಿನ ಮಕ್ಕಳ ಮುಂದೆ, ಅದರಲ್ಲೂ ಜೇನುಕುರುಬರ, ಯರವರ ಬುಡಕಟ್ಟುಗಳ ಮಕ್ಕಳು ಕೂತಿರುವಾಗ, ಹಾಗೇ ಓದಿ ಮುಂದೆ ಹೋಗಬಾರದು. ನಿಂತು ಮಾತಾಡಿ. ಪುಸ್ತಕದಲ್ಲಿ ನನಗೆ ನಿಜವಾಗಿ ಚುಚ್ಚಿದ ಕೊರತೆ ಇದೊಂದೇ.

ಅದೇ ಗೋಲ್ಡಿಂಗ್ ಪಾಲಿನ ವಿಷಯವನ್ನು ಮಾತ್ರ ಅದ್ಭುತವಾಗಿ ಹಿಡಿದಿದ್ದಾನೆ. ಮೊದಲ ಹಂದಿ ಸಿಕ್ಕಾಗ ಜ್ಯಾಕ್ ಪಿಗ್ಗಿಗೆ ಮಾಂಸ ಕೊಡುವುದಿಲ್ಲ, ನೀನು ಬೇಟೆಗೆ ಬರಲಿಲ್ಲ ಅಂತ. ಸೈಮನ್ ತನ್ನ ತುಂಡನ್ನು ಪಿಗ್ಗಿಗೆ ದಾಟಿಸುತ್ತಾನೆ. ಜ್ಯಾಕ್‌ಗೆ ಅದು ಸಹಿಸುವುದಿಲ್ಲ, ಇನ್ನೊಂದು ತುಂಡು ಕತ್ತರಿಸಿ ಸೈಮನ್ ಕಾಲ ಬಳಿ ಎಸೆದು ತಿನ್ನು ಎಂದು ಕಿರುಚುತ್ತಾನೆ. ಆಮೇಲೆ ಔತಣದ ರಾತ್ರಿ ಅವನು ರಾಜನ ಹಾಗೆ ಕೂತು, ಊಟ ಕೊಟ್ಟವನು ನಾನು, ನನ್ನ ಕಡೆ ಯಾರು ಬರುತ್ತೀರಿ ಅನ್ನುತ್ತಾನೆ. ಅಲ್ಲಿಗೆ ಪಾಲು ಹೋಯಿತು, ದಯೆ ಬಂತು. ಮೆಸ್‌ನಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಮೊಟ್ಟೆ ಬಡಿಸುವ ರೀತಿ ನೋಡಿದರೆ ಯಾರು ಜ್ಯಾಕ್ ಆಗುತ್ತಾರೆ ಅಂತ ತಿಳಿಯುತ್ತದೆ. ನಾನು ಅದನ್ನೇ ಗಮನಿಸುತ್ತೇನೆ ಈಗ.

ಜ್ಯಾಕ್‌ನ ತಂಡದ ರೋಜರ್ ಬಗ್ಗೆ ಒಂದು ಮಾತು. ಶುರುವಿನಲ್ಲಿ ಅವನು ಪುಟ್ಟ ಹೆನ್ರಿಯ ಸುತ್ತ ಕಲ್ಲು ಎಸೆಯುತ್ತಾನೆ, ಆದರೆ ತಾಗದ ಹಾಗೆ. ಅಪ್ಪ ಅಮ್ಮ, ಸ್ಕೂಲು, ಪೊಲೀಸು ಯಾರೂ ಅಲ್ಲಿಲ್ಲ, ಆದರೂ ಅವರ ಭಯ ಅವನ ತೋಳಿನಲ್ಲಿ ಇನ್ನೂ ಉಳಿದಿದೆ. ಮುಂದೆ ಇದೇ ಹುಡುಗ ಬಂಡೆ ಉರುಳಿಸಿ ಪಿಗ್ಗಿಯನ್ನು ಕೊಲ್ಲುತ್ತಾನೆ. ನಡುವೆ ಆಗಿದ್ದು ಇಷ್ಟೇ, ತಾಗದ ಕಲ್ಲನ್ನು ಯಾರೂ ಕೇಳಲಿಲ್ಲ.

ಗೋಲ್ಡಿಂಗ್ ಸ್ವತಃ ಸಾಲ್ಸ್‌ಬರಿಯಲ್ಲಿ ಹುಡುಗರ ಶಾಲೆಯ ಮೇಷ್ಟ್ರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವನು. ಇದು ಎರಡನ್ನೂ ಕಂಡವನ ಬರಹ. ಹಲವು ಪ್ರಕಾಶಕರು ಹಿಂತಿರುಗಿಸಿದ ಹಸ್ತಪ್ರತಿ ಇದು, 1983ರಲ್ಲಿ ಅವನಿಗೆ ನೊಬೆಲ್ ಬಂತು. ತಪ್ಪೂ ಇದೆ. ಕಥೆಯಲ್ಲಿ ಬೆಂಕಿ ಹಚ್ಚುವುದು ಪಿಗ್ಗಿಯ ಕನ್ನಡಕದಿಂದ. ಆದರೆ ಪಿಗ್ಗಿಗೆ ದೂರದ್ದು ಕಾಣುವುದಿಲ್ಲ, ಅಂಥ ಕನ್ನಡಕದ ಗಾಜಿನಿಂದ ಬಿಸಿಲು ಹಿಡಿದು ಬೆಂಕಿ ಹಚ್ಚಲು ಆಗದು. ವಿಜ್ಞಾನದ ಮೇಷ್ಟ್ರಿಗೆ ಒಳ್ಳೆಯ ಪಾಠ, ನಮ್ಮ ಹುಡುಗರು ಅಂಗಳದಲ್ಲಿ ಮಾಡಿಯೇ ನೋಡಿದರು.

ಇದೊಂದನ್ನೇ ಓದಿ ನಿಲ್ಲಿಸಬೇಡಿ. ಜೂಲ್ಸ್ ವರ್ನ್ 1888ರಲ್ಲಿ ಬರೆದ ‘ಟೂ ಇಯರ್ಸ್ ವೆಕೇಶನ್’ ಜೊತೆಗೆ ತರಿಸಿ. ಅಲ್ಲಿಯೂ ಹದಿನೈದು ಹುಡುಗರು, ದ್ವೀಪ, ಚುನಾವಣೆ, ಬಣಗಳು. ಮೊದಲು ಗಾರ್ಡನ್, ಆಮೇಲೆ ಬ್ರಿಯಾಂಟ್ ನಾಯಕ. ಡಾನಿಫಾನ್ ಮುನಿಸಿಕೊಂಡು ಮೂವರನ್ನು ಕರೆದುಕೊಂಡು ಬೇರೆ ಹೋಗುತ್ತಾನೆ, ಮತ್ತೆ ಒಂದಾಗುತ್ತಾರೆ. ಆದರೆ ಹಡಗಿನ ಕಪ್ಪು ಹುಡುಗ ಮೋಕೋಗೆ ವೋಟಿಲ್ಲ. ಅದನ್ನೂ ಮಕ್ಕಳಿಗೆ ತೋರಿಸಿ.

ಕಥೆಯಲ್ಲದೆ ನಿಜವಾಗಿ ನಡೆದದ್ದೂ ಇದೆ. 1965ರಲ್ಲಿ ಟೋಂಗಾ ದೇಶದ ಆರು ಶಾಲಾ ಹುಡುಗರು ದೋಣಿ ತೆಗೆದುಕೊಂಡು ಹೊರಟು ಬಿರುಗಾಳಿಗೆ ಸಿಕ್ಕಿ ಅಟಾ ಎಂಬ ಜನರಿಲ್ಲದ ದ್ವೀಪ ಸೇರಿದರು. ಹದಿನೈದು ತಿಂಗಳ ಮೇಲೆ, 1966ರಲ್ಲಿ, ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಎಂಬ ಕ್ಯಾಪ್ಟನ್ ಕಂಡಾಗ ಆರೂ ಜನ ಗಟ್ಟಿಯಾಗಿದ್ದರು. ಇಬ್ಬಿಬ್ಬರಂತೆ ಸರದಿ, ತೋಟಕ್ಕೆ, ಅಡುಗೆಗೆ, ಕಾವಲಿಗೆ. ಬೆಂಕಿ ಆರಲು ಬಿಡಲಿಲ್ಲ. ಜಗಳ ಆದರೆ ಇಬ್ಬರೂ ಸ್ವಲ್ಪ ಹೊತ್ತು ಬೇರೆ ಬೇರೆ ಕಡೆ ಹೋಗಿ ಕೂರಬೇಕು. ಒಬ್ಬನ ಕಾಲು ಮುರಿದಾಗ ಉಳಿದವರು ಕಟ್ಟು ಕಟ್ಟಿ, ಅವನ ಕೆಲಸವನ್ನೂ ತಾವೇ ಮಾಡಿದರು. ನಮ್ಮ ಹುಡುಗರಿಗೆ ಇದು ಕೂಡಲೇ ಅರ್ಥವಾಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಜೋಡುಪಾಲ ಕಡೆಯವರು ಗಂಜಿ ಕೇಂದ್ರಗಳಲ್ಲಿ ಇದ್ದದ್ದನ್ನು ಮನೆಯವರಿಂದ ಕೇಳಿದ ಮಕ್ಕಳು ಇವರು. ನೀರಿನ ಸಾಲು, ಪಾಯಿಖಾನೆ, ಬಡಿಸುವ ಸರದಿ ಅಂದರೆ ಏನು ಅಂತ ವಿವರಿಸಬೇಕಾಗಲಿಲ್ಲ.

ನನ್ನ ಲೆಕ್ಕದಲ್ಲಿ ಪುಸ್ತಕಕ್ಕೆ 5ಕ್ಕೆ 4, ನನಗೆ ಬಂದ ಮುದ್ರಣಕ್ಕೆ 2. ಏಳನೇ ಕ್ಲಾಸಿಗಿಂತ ಚಿಕ್ಕವರಿಗೆ ಬೇಡ, ಸೈಮನ್ ಸಾಯುವ ಅಧ್ಯಾಯ ಅವರಿಗೆ ಭಾರ. ಒಂಬತ್ತರಿಂದ ಮೇಲಿನವರಿಗೂ ಸುಮ್ನೆ ಕೈಗೆ ಕೊಟ್ಟು ಕಳಿಸಬೇಡಿ, ಜೊತೆಗೆ ಕೂತು ಓದಿ. ಮೊದಲ ಎರಡು ಅಧ್ಯಾಯಗಳ ಇಂಗ್ಲಿಷ್ ಗಟ್ಟಿ, ಗಿಡ, ಬಂಡೆ, ಬೆಳಕಿನ ವರ್ಣನೆ ತುಂಬಾ ಇದೆ. ಅಲ್ಲಿ ಕನ್ನಡದಲ್ಲಿ ಹೇಳಿ ಮುಂದೆ ಹೋಗಿ. ಐದನೇ ಅಧ್ಯಾಯಕ್ಕೆ ಒಂದು ಇಡೀ ಸಂಜೆ ಇಟ್ಟುಕೊಳ್ಳಿ.